ದೋಹಾದಲ್ಲಿ ಎಂಟು ಗಂಟೆ ಬಿಡುವಿದ್ದರೆ ಮ್ಯೂಸಿಯಂ ನೋಡಿ ಬನ್ನಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಗಳ ಬಾಣಂತನಕ್ಕೆ, ಮಗನ ಪದವಿ ಸಮಾರಂಭಕ್ಕೆ, ಮೊಮ್ಮಕ್ಕಳನ್ನು ನೋಡಲಿಕ್ಕೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಅಮೆರಿಕ, ಯುರೋಪಿಗೆ ಹೋಗಿಬರುವ ಹಿರಿಯರು ಈಗ ಓಣಿಗೊಬ್ಬರಾದರೂ ಸಿಗುತ್ತಾರೆ. ಬೆಂಗಳೂರಿನಿಂದಲೋ ಗೋವೆಯ ಮೋಪಾದಿಂದಲೋ ಹೊರಟವರಲ್ಲಿ ಬಹಳ ಜನ ಕತಾರಿನ ರಾಜಧಾನಿ ದೋಹಾದಲ್ಲಿ ವಿಮಾನ ಬದಲಿಸುತ್ತಾರೆ. ನಡುವೆ ಎಂಟು, ಹತ್ತು, ಕೆಲವೊಮ್ಮೆ ಹದಿನಾಲ್ಕು ಗಂಟೆ ಬಿಡುವು. ಆ ಹೊತ್ತನ್ನೆಲ್ಲ ನಿಲ್ದಾಣದೊಳಗಿನ ದೊಡ್ಡ ಹಳದಿ ಕರಡಿ ಶಿಲ್ಪದ ಆಸುಪಾಸಿನ ಕುರ್ಚಿಗಳಲ್ಲಿ ತೂಕಡಿಸಿ ಕಳೆಯುವುದೇ ರೂಢಿಯಾಗಿದೆ. ರಸ್ತೆ ಖಾಲಿ ಇದ್ದರೆ ಅಲ್ಲಿಂದ ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷದ ದಾರಿಯಲ್ಲೇ ಜಗತ್ತಿನ ಒಳ್ಳೆಯ ವಸ್ತುಸಂಗ್ರಹಾಲಯಗಳಲ್ಲಿ ಒಂದಿದೆ: ಮ್ಯೂಸಿಯಂ ಆಫ್ ಇಸ್ಲಾಮಿಕ್ ಆರ್ಟ್. ಗೋಳಗುಮ್ಮಟ ಮತ್ತು ಬೀದರಿನ ಮದರಸಾ ನೋಡಿದ ನಮ್ಮ ಭಾಗದವರಿಗೆ ಅದು ಬೇರೆಯವರಿಗಿಂತ ಹೆಚ್ಚು ಅರ್ಥವಾಗುತ್ತದೆ. ಅದಕ್ಕೇ ಈ ಪತ್ರ.

ಮೊದಲು ಹೊತ್ತಿನ ಲೆಕ್ಕ. ಲೆಕ್ಕವನ್ನು ಮುಂದಿನ ವಿಮಾನದಿಂದ ಹಿಂದಕ್ಕೆ ಹಾಕಬೇಕು, ಇಳಿದ ಗಳಿಗೆಯಿಂದ ಮುಂದಕ್ಕಲ್ಲ. ಹೊರಡುವುದಕ್ಕೆ ಎರಡು ಗಂಟೆ ಮೊದಲು ನಿಲ್ದಾಣದೊಳಗೆ ಇರಬೇಕು. ಮರಳಿ ಬರಲು ಮುಕ್ಕಾಲು ಗಂಟೆ, ಮ್ಯೂಸಿಯಂಗೆ ಎರಡು ಗಂಟೆ, ಹೋಗಲು ಮುಕ್ಕಾಲು ಗಂಟೆ, ವಿಮಾನ ಇಳಿದು ಇಮಿಗ್ರೇಷನ್ ದಾಟಲು ಒಂದರಿಂದ ಒಂದೂವರೆ ಗಂಟೆ. ಕೂಡಿಸಿದರೆ ಏಳು ಗಂಟೆ. ವಿಮಾನ ತಡವಾಗುವುದಕ್ಕೆ ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಎಂಟು ಗಂಟೆಗಿಂತ ಕಡಿಮೆ ಇದ್ದರೆ ಹೊರಗೆ ಹೋಗುವ ಯೋಚನೆಯನ್ನೇ ಬಿಡಿ, ಅರ್ಧ ನೋಡಿ ಓಡಿಬರುವ ಪಾಡು ಹಿರಿಯರಿಗೆ ಬೇಡ. ಎಂಟು ಗಂಟೆ ರಾತ್ರಿಯಲ್ಲಿ ಬಿದ್ದರೂ ಅಷ್ಟೇ, ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ಬೆಳಗಿನ ಜಾವ ಇಳಿದು ಮಧ್ಯಾಹ್ನದ ನಂತರ ಮುಂದಿನ ವಿಮಾನ ಹಿಡಿಯುವವರಿಗೆ ಇದು ಹೇಳಿ ಮಾಡಿಸಿದಂತಿದೆ. ದೋಹಾ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಕೈಗಡಿಯಾರ ಭಾರತದ ಸಮಯದಲ್ಲಿ, ಮೊಬೈಲು ದೋಹಾ ಸಮಯದಲ್ಲಿ ಇದ್ದಾಗಲೇ ಎಡವಟ್ಟು ಆಗುವುದು. ಬೋರ್ಡಿಂಗ್ ಪಾಸಿನಲ್ಲಿ ಇರುವುದು ದೋಹಾ ಸಮಯ.

ಟಿಕೆಟ್ ಮಾಡಿಕೊಡುವ ಏಜೆಂಟರು ಬಿಡುವು ಎಷ್ಟು ಗಂಟೆ ಎಂದು ಹೇಳುತ್ತಾರೆ, ಹಗಲೋ ರಾತ್ರಿಯೋ ಎಂದು ಹೇಳುವುದು ಅಪರೂಪ. ಕೇಳಿ ತಿಳಿದುಕೊಳ್ಳಿ. ಒಂದೇ ಪಿಎನ್‌ಆರ್‌ನಲ್ಲಿ ಎರಡೂ ವಿಮಾನ ಇರಲಿ. ಹಾಗಿದ್ದರೆ ದೊಡ್ಡ ಸೂಟ್‌ಕೇಸು ಸಾಮಾನ್ಯವಾಗಿ ಕೊನೆಯ ಊರಿನಲ್ಲೇ ಕೈಗೆ ಸಿಗುತ್ತದೆ, ದೋಹಾದಲ್ಲಿ ನೀವು ಕೈಚೀಲದವರು ಮಾತ್ರ. ಬೇರೆ ಬೇರೆ ಟಿಕೆಟ್ ಆದರೆ ಸಾಮಾನು ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ, ಆಗ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಬೆಂಗಳೂರಿನಲ್ಲೇ ಎರಡೂ ಬೋರ್ಡಿಂಗ್ ಪಾಸ್ ಕೇಳಿ ಪಡೆಯಿರಿ, ಲಗೇಜ್ ಚೀಟಿಯ ಮೇಲೆ ಯಾವ ಊರಿನ ಹೆಸರು ಬಿದ್ದಿದೆ ಎಂದು ಅಲ್ಲೇ ನಿಂತು ನೋಡಿ.

ವೀಸಾ ವಿಷಯದಲ್ಲಿ ಬಾಯಿಮಾತನ್ನು ನಂಬಬೇಡಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕತಾರ್ ಬಂದಿಳಿದ ಮೇಲೆ ಶುಲ್ಕವಿಲ್ಲದ ಪ್ರವೇಶ ಕೊಡುತ್ತದೆ ಎಂಬುದು ನಿಜ, ಆದರೆ ಷರತ್ತುಗಳಿವೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು, ಮುಂದಿನ ಪ್ರಯಾಣದ ಖಚಿತ ಟಿಕೆಟ್ ಇರಬೇಕು. ಜೊತೆಗೆ ಭಾರತೀಯರು ಡಿಸ್ಕವರ್ ಕತಾರ್ ಎಂಬ ಅಲ್ಲಿನ ಅಧಿಕೃತ ತಾಣದ ಮೂಲಕವೇ ಹೋಟೆಲ್ ಕಾದಿರಿಸಿರಬೇಕು. ಬೇರೆ ಆ್ಯಪ್‌ನಲ್ಲಿ ಮಾಡಿದ ಬುಕಿಂಗ್ ತೋರಿಸಿ ಕೌಂಟರ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನಗರ ತೋರಿಸಿ ಮರಳಿ ತಂದು ಬಿಡುವ ಟ್ರಾನ್ಸಿಟ್ ಪ್ರವಾಸಗಳನ್ನೂ ಅದೇ ತಾಣ ನಡೆಸುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯ ದಂಪತಿಗೆ ಅದೇ ವಾಸಿ, ಆದರೆ ಮ್ಯೂಸಿಯಂ ಒಳಗೆ ಕರೆದೊಯ್ಯುತ್ತಾರೋ ಹೊರಗಿನಿಂದ ತೋರಿಸಿ ಮುಂದೆ ಸಾಗುತ್ತಾರೋ ಎಂದು ಹಣ ಕಟ್ಟುವ ಮೊದಲೇ ಓದಿಕೊಳ್ಳಿ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ವಾರದಲ್ಲಿ ಕತಾರ್ ಸರ್ಕಾರದ ವೀಸಾ ತಾಣವಾದ ಹಯ್ಯಾವನ್ನೂ ವಿಮಾನ ಕಂಪನಿಯ ಪ್ರಕಟಣೆಯನ್ನೂ ಇನ್ನೊಮ್ಮೆ ನೋಡುವುದು ಕಡ್ಡಾಯ ಎಂದೇ ತಿಳಿಯಿರಿ.

ಕೈಚೀಲದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ನಮ್ಮವರು ತೊಂದರೆಗೆ ಸಿಗುವುದು ಬಹುಪಾಲು ಅಲ್ಲಿಯೇ. ನಗರಕ್ಕೆ ಹೊರಬೀಳುವಾಗ ಕಸ್ಟಮ್ಸ್ ಎಕ್ಸ್‌ರೇ ಇದೆ. ಬಾಣಂತಿಗೆಂದು ಒಯ್ಯುವ ಅಂಟಿನುಂಡಿಯಲ್ಲಿ ಗಸಗಸೆ ಇರುತ್ತದೆ. ಗಸಗಸೆ ಅಫೀಮಿನ ಗಿಡದ ಬೀಜವಾದ್ದರಿಂದ ಕೊಲ್ಲಿಯ ಕೆಲವು ದೇಶಗಳಲ್ಲಿ ಅದಕ್ಕೆ ನಿಷೇಧವಿದೆ. ಕೊಲ್ಲಿಯ ಮೇಲೆ ಹೋಗುವ ಉಂಡಿಗೆ ಗಸಗಸೆ ಹಾಕಲೇಬೇಡಿ. ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ ಸಾಕು. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಾಮಡಾಲ್‌ನಂಥ ನೋವಿನ ಗುಳಿಗೆ ಅಲ್ಲಿ ನಿಯಂತ್ರಿತ ಔಷಧಗಳು. ಬಿಪಿ, ಶುಗರ್ ಗುಳಿಗೆಗಳನ್ನೂ ಅಂಗಡಿಯ ಪಟ್ಟಿಯಲ್ಲೇ ಬಿಟ್ಟು, ವೈದ್ಯರ ಚೀಟಿ ಜೊತೆಗಿಡಿ. ಡಬ್ಬಿಗೆ ಸುರಿದ ಗುಳಿಗೆ ಯಾವುದೆಂದು ಅಧಿಕಾರಿಗೆ ಹೇಗೆ ತಿಳಿಯಬೇಕು? ಮದ್ಯ ದೇಶದೊಳಗೆ ಒಯ್ಯುವಂತಿಲ್ಲ, ಡ್ಯೂಟಿ ಫ್ರೀ ಬಾಟಲಿ ಆದರೂ. ಮರಳಿ ನಿಲ್ದಾಣಕ್ಕೆ ಬರುವಾಗ ಮತ್ತೆ ಭದ್ರತಾ ತಪಾಸಣೆ, 100 ಮಿಲಿಲೀಟರ್ ನಿಯಮ. ಉಪ್ಪಿನಕಾಯಿ, ತುಪ್ಪ ಕೂಡ ದ್ರವದ ಲೆಕ್ಕಕ್ಕೇ ಬರುತ್ತವೆ, ಅವು ದೊಡ್ಡ ಸೂಟ್‌ಕೇಸಿನಲ್ಲಿರಲಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಧಾರವಾಡ ಪೇಢೆಗೆ ಈ ತಾಪತ್ರಯವಿಲ್ಲ. ಸಸ್ಯಾಹಾರಿಗಳು ಎರಡು ರೊಟ್ಟಿ ಚೀಲದಲ್ಲಿಟ್ಟುಕೊಂಡರೆ ಮಧ್ಯಾಹ್ನದ ಊಟ ಹುಡುಕುವ ಹೊತ್ತೂ ಉಳಿಯಿತು.

ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ವಹಿವಾಟು ಹುಟ್ಟಿನಿಂದಲೇ ಚಾಲೂ ಇರುವುದಿಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ನಾವೇ ಅದನ್ನು ಆನ್ ಮಾಡಿಕೊಳ್ಳಬೇಕು. ಮನೆಯಲ್ಲೇ ಮಾಡಿ, ದೋಹಾದಲ್ಲಿ ಒಟಿಪಿ ಬರಬೇಕೆಂದರೆ ರೋಮಿಂಗ್ ಬೇಕಾಗುತ್ತದೆ. ಕತಾರಿನ ಒಂದು ರಿಯಾಲ್ ನಮ್ಮ ಸುಮಾರು 25 ರೂಪಾಯಿ ಎಂದು ಹಿಡಿಯಿರಿ.

ಇಳಿದ ಮೇಲೆ ಜನವೆಲ್ಲ ಟ್ರಾನ್ಸ್‌ಫರ್ ಫಲಕದ ಕಡೆ ಹೋಗುತ್ತಾರೆ. ನೀವು ಅರೈವಲ್ಸ್ ಫಲಕ ಹಿಡಿಯಬೇಕು. ವ್ಹೀಲ್‌ಚೇರ್ ಕೇಳಿಕೊಂಡಿದ್ದರೆ ತಳ್ಳುವವರಿಗೆ ಮೊದಲೇ ‘ಸಿಟಿ’ ಎಂದು ಹೇಳಿ, ಇಲ್ಲದಿದ್ದರೆ ಅವರು ನಿಮ್ಮನ್ನು ಮುಂದಿನ ಗೇಟಿನ ದಾರಿಗೇ ಒಯ್ಯುತ್ತಾರೆ. ಹೊರಗೆ ಬಂದರೆ ಮೆಟ್ರೊ ನಿಲ್ದಾಣಕ್ಕೆ ನೆರಳಿನಲ್ಲೇ ನಡೆದುಹೋಗಬಹುದು. ಸಾಮಾನ್ಯ ದರ್ಜೆಯಲ್ಲಿ ಒಂದು ಪ್ರಯಾಣಕ್ಕೆ 2 ರಿಯಾಲ್. ರೆಡ್ ಲೈನ್ ಹತ್ತಿ ಮ್ಶೈರಿಬ್‌ನಲ್ಲಿ ಇಳಿಯಿರಿ, ಅಲ್ಲಿ ಗೋಲ್ಡ್ ಲೈನ್ ಹಿಡಿದರೆ ಮುಂದಿನ ನಿಲ್ದಾಣವೇ ಸೂಕ್ ವಾಕಿಫ್. ಅಲ್ಲಿಂದ ಮ್ಯೂಸಿಯಂಗೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. ನವೆಂಬರಿನಿಂದ ಮಾರ್ಚ್‌ವರೆಗೆ ಆ ನಡಿಗೆ ಸೊಗಸು, ಪಕ್ಕದಲ್ಲೇ ಕಡಲು, ಕಟ್ಟಿಗೆಯ ಧೋ ಹಡಗುಗಳು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನಡೆಯಲೇಬೇಡಿ. ನವಲಗುಂದದ ಬಿಸಿಲು ಕಂಡವರಿಗೂ ಅದು ತಡೆಯದು, 40 ಡಿಗ್ರಿ ದಾಟಿದ ಬಿಸಿಲಿಗೆ ಕಡಲಿನ ಹಬೆ ಸೇರಿಕೊಂಡಿರುತ್ತದೆ. ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಬೆವರು ಆರುತ್ತದೆ, ಅಲ್ಲಿ ಆರುವುದಿಲ್ಲ. ಟ್ಯಾಕ್ಸಿ ಮಾಡಿ.

ಮ್ಯೂಸಿಯಂ ಟಿಕೆಟ್ ಹೊರದೇಶದ ವಯಸ್ಕರಿಗೆ 50 ರಿಯಾಲ್, ಹದಿನಾರು ತುಂಬದ ಮಕ್ಕಳಿಗೆ ಇಲ್ಲ. ಬಾಗಿಲು ತೆಗೆಯುವುದು ಸಾಮಾನ್ಯವಾಗಿ ಬೆಳಿಗ್ಗೆ 9ಕ್ಕೆ, ಶುಕ್ರವಾರ ಮಾತ್ರ ಮಧ್ಯಾಹ್ನ 1:30ಕ್ಕೆ. ವಾರದ ರಜೆಯ ದಿನವನ್ನೂ ರಮಜಾನ್ ತಿಂಗಳ ಬೇರೆ ವೇಳೆಯನ್ನೂ ಅವರ ತಾಣದಲ್ಲಿ ನೋಡಿಕೊಂಡೇ ದಿನಾಂಕ ಆರಿಸಿ. ಭುಜ, ಮೊಣಕಾಲು ಮುಚ್ಚುವ ಉಡುಪು ಇರಲಿ. ಸೀರೆಗೆ, ಪೈಜಾಮಾಕ್ಕೆ ಯಾವ ಅಡ್ಡಿಯೂ ಇಲ್ಲ.

ಇನ್ನು ಕಟ್ಟಡ. ವಿನ್ಯಾಸ ಮಾಡಿದವರು ಐ. ಎಂ. ಪೇ, ಪ್ಯಾರಿಸ್ಸಿನ ಲೂವ್ರ್ ಅಂಗಳದ ಗಾಜಿನ ಪಿರಮಿಡ್ಡಿನ ಶಿಲ್ಪಿ. 2008ರಲ್ಲಿ ಇದು ತೆರೆದಾಗ ಅವರ ವಯಸ್ಸು 91. ನಗರದೊಳಗೆ ಕೊಡಬಂದ ಜಾಗ ಅವರಿಗೆ ಒಪ್ಪಿಗೆಯಾಗಲಿಲ್ಲ. ಮುಂದೆ ಸುತ್ತ ಎತ್ತರದ ಕಟ್ಟಡ ಎದ್ದು ಮ್ಯೂಸಿಯಂ ಮರೆಯಾದೀತು ಎಂದು ಕಡಲಿನಲ್ಲಿ ಮಣ್ಣು ತುಂಬಿಸಿ ದ್ವೀಪವನ್ನೇ ಮಾಡಿಸಿಕೊಂಡರು. ರೂಪದ ಮೂಲ ಕೈರೋದ ಇಬ್ನ್ ತುಲೂನ್ ಮಸೀದಿಯ ಅಂಗಳದಲ್ಲಿದೆ. ಮಸೀದಿ 9ನೇ ಶತಮಾನದ್ದು, ಅಂಗಳದ ನಡುವೆ ಕೈಕಾಲು ತೊಳೆಯಲು 13ನೇ ಶತಮಾನದಲ್ಲಿ ಕಟ್ಟಿದ ಪುಟ್ಟ ಮಂಟಪವೊಂದಿದೆ: ಕೆಳಗೆ ಚೌಕ, ನಡುವೆ ಎಂಟು ಮೂಲೆ, ಮೇಲೆ ಗುಮ್ಮಟ. ಅದನ್ನೇ ಪೇ ಹಿಗ್ಗಿಸಿದರು. ಚೌಕದ ಮೇಲೆ ವೃತ್ತವನ್ನು ಕೂರಿಸುವುದು ಹೇಗೆ ಎಂಬ ಹಳೆಯ ಸಮಸ್ಯೆಗೆ ವಿಜಯಪುರದವರು 1656ರ ಹೊತ್ತಿಗೆ ಕೊಟ್ಟ ಉತ್ತರ ಗೋಳಗುಮ್ಮಟ. ಅಲ್ಲಿ ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು 44 ಮೀಟರ್ ವ್ಯಾಸದ ಗುಮ್ಮಟದ ಭಾರವನ್ನು ಗೋಡೆಗೆ ಇಳಿಸುತ್ತವೆ. ದೋಹಾದಲ್ಲಿ ನಡುಮನೆಯಲ್ಲಿ ನಿಂತು ತಲೆಯೆತ್ತಿ: ಮೇಲಿನ ಬೆಳಕಿನ ಕಿಂಡಿ ದುಂಡು, ಅದು ಎಂಟು ಮೂಲೆಯಾಗಿ, ಚೌಕವಾಗಿ, ಕಡೆಗೆ ಮುಮ್ಮೂಲೆಯ ಹಲಗೆಗಳಾಗಿ ಕಂಬಗಳಿಗೆ ಇಳಿಯುತ್ತದೆ. ವಿಜಯಪುರದಲ್ಲಿ ಇದನ್ನೇ ಕಂಡ ಕಣ್ಣು ಇಲ್ಲಿ ತಡವರಿಸುವುದಿಲ್ಲ. ಈ ಗುಮ್ಮಟ ಹೊರಗಿನಿಂದ ಕಾಣುವುದಿಲ್ಲ, ಗೋಪುರದ ಗೋಡೆಗಳು ಮುಚ್ಚಿಕೊಂಡಿವೆ. ಉತ್ತರಕ್ಕೆ 45 ಮೀಟರ್ ಎತ್ತರದ ಗಾಜು, ಆಚೆ ಕೊಲ್ಲಿಯ ನೀರು, ನೀರಿನಾಚೆ ವೆಸ್ಟ್ ಬೇ ಗಗನಚುಂಬಿಗಳ ಸಾಲು. ಮೊದಲ ಹತ್ತು ನಿಮಿಷವನ್ನು ಇಲ್ಲಿಗೇ ಕೊಡಿ.

ಗ್ಯಾಲರಿಗಳ ಒಳಗೆ ಕತ್ತಲೆ ಎನಿಸುತ್ತದೆ. ಕಾಗದ, ಬಟ್ಟೆ, ಬಣ್ಣ ಬೆಳಕಿಗೆ ಮಾಸುತ್ತವೆ, ಒಮ್ಮೆ ಮಾಸಿದ್ದು ಮರಳದು. ಹೀಗಾಗಿ ಅಂಥ ವಸ್ತುಗಳಿಗೆ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಆಸುಪಾಸಿನ ಬೆಳಕು ಸಾಕು ಎಂಬುದು ವಸ್ತುಸಂಗ್ರಹಾಲಯಗಳ ರೂಢಿ. ಬಿಸಿಲಿನಿಂದ ಬಂದ ಹಿರಿಯರು ಬಾಗಿಲಲ್ಲೇ ಮೂರ್ನಾಲ್ಕು ನಿಮಿಷ ನಿಂತು ಕಣ್ಣು ಹೊಂದಿಸಿಕೊಳ್ಳಲಿ, ಎಡವುವುದು ತಪ್ಪುತ್ತದೆ. ಎಲ್ಲವನ್ನೂ ನೋಡುವ ಹಟ ಬೇಡ. ಎರಡು ಗಂಟೆಯಲ್ಲಿ ಏಳೆಂಟು ವಸ್ತುಗಳನ್ನು ನಿಂತು ನೋಡಿದರೆ ಅದು ನೋಡಿದಂತೆ. ಪ್ರದರ್ಶನದಲ್ಲಿ ಆಗಾಗ ಅದಲುಬದಲು ಇರುತ್ತದೆ, ಆದರೂ ಇಂಥವನ್ನು ಹುಡುಕಬಹುದು.

ಕಂಚಿನ ಜಿಂಕೆ ಒಂದಿದೆ, 10ನೇ ಶತಮಾನದ ಸ್ಪೇನಿನ ಕೊರ್ಡೊಬಾ ಕಡೆಯದು. ಮೈತುಂಬ ಬಳ್ಳಿಯ ಕೆತ್ತನೆ. ಒಳಗೆ ಟೊಳ್ಳು, ಕಾರಂಜಿಯ ನೀರು ಕೆಳಗಿನಿಂದ ಏರಿ ಬಾಯಿಂದ ಬೀಳುತ್ತಿತ್ತು. ಲಕ್ಕುಂಡಿಯ ಬಾವಿಗಳನ್ನು ನೋಡಿದವರಿಗೆ ನೀರಿನ ಕೆಲಸಕ್ಕೆ ಇಷ್ಟೊಂದು ಕಲೆ ಏಕೆ ಎಂದು ವಿವರಿಸಬೇಕಿಲ್ಲ. ಅದರಾಚೆ ಇರಾನಿನ ಕಾಶಾನ್‌ನ ಹೊಳಪಿನ ಹೆಂಚುಗಳು. ಬಂಗಾರದಂತೆ ಕಾಣುವುದು ಬಂಗಾರವಲ್ಲ. ಒಮ್ಮೆ ಸುಟ್ಟು ಮೆರುಗು ಕೊಟ್ಟ ಹೆಂಚಿನ ಮೇಲೆ ಬೆಳ್ಳಿ, ತಾಮ್ರದ ಲವಣ ಬಳಿದು, ಗಾಳಿ ಕಡಿಮೆ ಇರುವ ಒಲೆಯಲ್ಲಿ ಹೊಗೆಗೆ ಎರಡನೇ ಸಲ ಸುಡುತ್ತಾರೆ. ಹೊಗೆ ಆಮ್ಲಜನಕವನ್ನು ಕಸಿದು ಕೂದಲೆಳೆಗಿಂತ ತೆಳುವಾದ ಲೋಹದ ಪೊರೆಯನ್ನು ಉಳಿಸುತ್ತದೆ. ಗಾಳಿ ಹೆಚ್ಚಾದರೆ ಹೊಳಪು ಹುಟ್ಟುವುದಿಲ್ಲ, ಕಾವು ಹೆಚ್ಚಾದರೆ ಮೆರುಗು ಕರಗಿ ಚಿತ್ರ ಕೆಡುತ್ತದೆ. ನೇರ ನಿಂತರೆ ಬರೀ ಕಂದು ಬಣ್ಣ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದಾಗಲೇ ಅದು ಹೊಳೆಯುವುದು. ಇರಾನಿನ ಗಿಲಾನ್‌ನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ಉಳಿದಿರುವ ಬಣ್ಣದ ಹೆಂಚುಗಳು ಇದೇ ನಾಡಿನ ಹೆಂಚಿನ ಪರಂಪರೆಗೆ ಸೇರಿದವು. ತುರ್ಕಿಯ ಇಜ್ನಿಕ್ ತಟ್ಟೆಗಳಲ್ಲಿ ಕೆಂಪು ಬಣ್ಣವನ್ನು ಹೀಗೆಯೇ ಓರೆಯಾಗಿ ನೋಡಿ. ಕಬ್ಬಿಣದಂಶದ ಮಣ್ಣಿನ ಆ ಕೆಂಪನ್ನು ದಪ್ಪಗೆ ಬಳಿಯಬೇಕಾಗುತ್ತಿತ್ತು, ಹೀಗಾಗಿ ಉಬ್ಬಿ ನಿಂತಿರುತ್ತದೆ.

ಬೆಳ್ಳಿ ಕೂರಿಸಿದ ಹಿತ್ತಾಳೆಯ ಪಾತ್ರೆಗಳ ಮುಂದೆ ನಮ್ಮವರು ಒಂದಿಷ್ಟು ಹೊತ್ತು ನಿಲ್ಲಲೇಬೇಕು. ಮೋಸುಲ್, ದಮಾಸ್ಕಸ್, ಕೈರೋದ ಕುಶಲಿಗಳು ಹಿತ್ತಾಳೆಯನ್ನು ಕೊರೆದು ಬೆಳ್ಳಿಯ ತಗಡು ಬಡಿದು ಕೂರಿಸಿ, ಉಳಿದ ಜಾಗಕ್ಕೆ ಕಪ್ಪು ತುಂಬುತ್ತಿದ್ದರು. ಬೀದರಿನ ಬಿದ್ರಿ ಕೆಲಸದ ಬೇರು ಇದೇ ಕಡೆಗೆ ಹೋಗುತ್ತದೆ, ದಾರಿ ಮಾತ್ರ ಬೇರೆ. ಬಿದ್ರಿಯಲ್ಲಿ ಬುಡದ ಲೋಹ ಹಿತ್ತಾಳೆಯಲ್ಲ, ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಕಪ್ಪನ್ನು ತುಂಬುವುದೂ ಇಲ್ಲ. ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ ಕುದಿಸಿದ ನೀರಿನಲ್ಲಿ ಅದ್ದಿದಾಗ ಸತುವಿನ ಮೈ ತಾನೇ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಈ ವ್ಯತ್ಯಾಸ ತಿಳಿದವರಿಗೆ ಪೆಟ್ಟಿಗೆಯ ಗಾಜಿನಾಚೆಯ ವಸ್ತು ಮಾತಾಡತೊಡಗುತ್ತದೆ. ನಮ್ಮ ಭಾಗದ ವಸ್ತುಸಂಗ್ರಹಾಲಯಗಳ ಚೀಟಿಗಳಲ್ಲೂ ರಾಜ, ಶತಮಾನದ ಜೊತೆಗೆ ಹೀಗೆ ಮಾಡಿದ ಬಗೆಯನ್ನು ಎರಡು ಸಾಲಿನಲ್ಲಿ ಕನ್ನಡದಲ್ಲಿ ಬರೆಯಬೇಕು. ಅದಕ್ಕೆ ಕೊಲ್ಲಿಯ ಸಿರಿವಂತಿಕೆ ಬೇಕಿಲ್ಲ, ಕುಶಲಕರ್ಮಿಯನ್ನು ಕೇಳಿ ಬರೆದುಕೊಂಡರೆ ಆಯಿತು.

ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ಹೊತ್ತು ತಿಳಿಯುವ ಹಳೆಯ ಉಪಕರಣಗಳಾದ ಅಸ್ಟ್ರೋಲೇಬ್‌ಗಳ ಮುಂದೆ ಮಕ್ಕಳನ್ನು ನಿಲ್ಲಿಸಿ. ತಳದ ತಟ್ಟೆ, ಅದರೊಳಗೆ ಅಕ್ಷಾಂಶಕ್ಕೊಂದು ಫಲಕ, ಮೇಲೆ ನಕ್ಷತ್ರಗಳ ಸ್ಥಾನ ತೋರುವ ಜಾಲರಿ, ಹಿಂದೆ ಎತ್ತರ ಅಳೆಯುವ ಕಡ್ಡಿ. ದೋಹಾ ಇರುವುದು 25 ಡಿಗ್ರಿ ಉತ್ತರದಲ್ಲಿ, ಧಾರವಾಡ ಸುಮಾರು 15½ರಲ್ಲಿ. ಅಲ್ಲಿಯ ಫಲಕ ಇಲ್ಲಿ ಸರಿಯಾದ ಹೊತ್ತು ಹೇಳದು, ಅದಕ್ಕೇ ಒಂದೇ ಉಪಕರಣದೊಳಗೆ ಹಲವು ಫಲಕಗಳನ್ನು ಅಡಕಿ ಇಡುತ್ತಿದ್ದರು. ಶಹಜಹಾನನ ಬಿಳಿ ಜೇಡ್ ಕಲ್ಲಿನ ಪದಕವೂ ಇಲ್ಲಿಯ ಸಂಗ್ರಹದಲ್ಲಿದೆ. ಅದರ ಮೇಲಿನ ಹಿಜರಿ ವರ್ಷ ನಮ್ಮ ಲೆಕ್ಕದಲ್ಲಿ 1631-32. ಎದೆಯ ಕಳವಳಕ್ಕೆ ಪರಿಹಾರವೆಂದು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬಗೆಯ ಪದಕ ಅದು. ಮುಮ್ತಾಜ್ ತೀರಿಕೊಂಡದ್ದು 1631ರ ಜೂನ್‌ನಲ್ಲಿ.

ಬಿಡುವು ಹತ್ತು ಗಂಟೆ ಮೀರಿದ್ದರೆ ಒಂದೂವರೆ ಕಿಲೋಮೀಟರ್ ಆಸುಪಾಸಿನಲ್ಲಿ ಕತಾರ್ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ, ಜಾನ್ ನೂವೆಲ್ ಮರುಭೂಮಿಯ ಹರಳುಗಲ್ಲಿನ ಆಕಾರದಲ್ಲಿ ಕಟ್ಟಿದ್ದು, 2019ರಲ್ಲಿ ತೆರೆಯಿತು. ಅಲ್ಲಿ ಬಡೋದಾದ ಖಂಡೇರಾವ್ ಗಾಯಕವಾಡರು 1865ರ ಸುಮಾರಿಗೆ ಮಾಡಿಸಿದ ಮುತ್ತಿನ ಹಾಸು ಇದೆ. ಮುತ್ತು ಇದೇ ಕೊಲ್ಲಿಯವು, ನಮ್ಮವರು ಬಸ್ರಾ ಮುತ್ತು ಎನ್ನುವವು. ಜಪಾನಿನ ಕೃಷಿ ಮುತ್ತು ಬಂದು ಆ ವ್ಯಾಪಾರ ಕುಸಿಯುವವರೆಗೆ ಮುತ್ತಿನ ದೊಡ್ಡ ಪೇಟೆ ಮುಂಬಯಿ. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದ ಕಾಲಕ್ಕೆ ಹುಬ್ಬಳ್ಳಿ ಪೇಟೆಯಲ್ಲಿ ನಡೆಯುತ್ತಿದ್ದ ರೂಪಾಯಿಯೇ ದೋಹಾದಲ್ಲೂ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ನೋಟು ಹೊರಡಿಸಿತು, 1966ರಲ್ಲಿ ನಮ್ಮ ರೂಪಾಯಿ ಅಪಮೌಲ್ಯವಾದ ಮೇಲೆ ಕತಾರ್ ಅದನ್ನು ಕೈಬಿಟ್ಟಿತು. ಇಂದು ಗಾಜಿನ ಕಟ್ಟಡಗಳ ಊರಾಗಿರುವ ದೋಹಾ ಅರವತ್ತು ವರ್ಷದ ಹಿಂದೆ ನಮ್ಮದೇ ಚಿಲ್ಲರೆ ಎಣಿಸುತ್ತಿತ್ತು ಎಂಬುದನ್ನು ಮೊಮ್ಮಕ್ಕಳಿಗೆ ಹೇಳಬೇಕು.

ಸೂಕ್ ವಾಕಿಫ್ ಪೇಟೆಗೆ ಅರ್ಧ ಗಂಟೆ ಸಾಕು. ಒಂದು ಕರಕ್ ಚಹಾ ಕುಡಿದು ಹೊರಡಿ.

ಮರಳುವಾಗ ಒಂದೇ ಒಂದು ಎಚ್ಚರ. ಮ್ಶೈರಿಬ್‌ನಲ್ಲಿ ದಕ್ಷಿಣಕ್ಕೆ ಹೋಗುವ ರೆಡ್ ಲೈನ್ ರೈಲುಗಳೆಲ್ಲ ವಿಮಾನ ನಿಲ್ದಾಣಕ್ಕೆ ಹೋಗುವುದಿಲ್ಲ. ಉಕ್ಬಾ ಇಬ್ನ್ ನಾಫಿ ನಿಲ್ದಾಣದಲ್ಲಿ ಹಳಿ ಕವಲೊಡೆದು ಒಂದು ಅಲ್ ವಕ್ರಾ ಕಡೆಗೆ, ಇನ್ನೊಂದು ವಿಮಾನ ನಿಲ್ದಾಣಕ್ಕೆ ಸಾಗುತ್ತದೆ. ಒಂದೇ ಪ್ಲಾಟ್‌ಫಾರ್ಮಿಗೆ ಎರಡೂ ಬರುತ್ತವೆ. ರೈಲು ಹತ್ತುವ ಮುನ್ನ ಮೇಲಿನ ಫಲಕದಲ್ಲಿ ಹಮದ್ ವಿಮಾನ ನಿಲ್ದಾಣದ ಹೆಸರು ಓದಿ. ಬೇರೆ ರೈಲು ಹತ್ತಿಬಿಟ್ಟಿದ್ದರೆ ಗಾಬರಿಯಾಗದೆ ಉಕ್ಬಾ ಇಬ್ನ್ ನಾಫಿಯಲ್ಲೇ ಇಳಿದು ಮುಂದಿನದಕ್ಕೆ ಕಾಯಿರಿ. ನಿಲ್ದಾಣ ತಲುಪಿದ ಕೂಡಲೇ ಬೋರ್ಡಿನಲ್ಲಿ ಗೇಟ್ ಸಂಖ್ಯೆ ಮತ್ತೊಮ್ಮೆ ನೋಡಿ, ಬೆಳಿಗ್ಗೆ ಪಾಸಿನ ಮೇಲೆ ಇದ್ದದ್ದು ಸಂಜೆಗೆ ಬದಲಾಗಿರಬಹುದು.

ಇಂತಿ ನಿಮ್ಮ ಓದುಗ,
ಮಾಳಮಡ್ಡಿ, ಧಾರವಾಡ